ಮರದ ಮೀನು ಬಿರಿದಾಗ, ಬಣ್ಣ ಎದ್ದಾಗ: ದೀವದ ಮೀನುಗಳ ದೋಷ ನಿವಾರಣೆ ಕೈಪಿಡಿ

ಕಾಡಿನ ಜಿಂಕೆಯನ್ನು ಸೆಳೆಯಲು ಬೇಡರು ಪಳಗಿಸಿದ ಜಿಂಕೆಯೊಂದನ್ನು ಮುಂದೆ ಬಿಡುತ್ತಿದ್ದರು. ಅದಕ್ಕೆ ಕನ್ನಡದಲ್ಲಿ ದೀವ ಎಂದು ಹೆಸರು. ಉತ್ತರ ಅಮೆರಿಕದ ಮಿಷಿಗನ್, ಮಿನ್ನೆಸೋಟ, ವಿಸ್ಕಾನ್ಸಿನ್ ಮೊದಲಾದ ಕಡೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ರಂಧ್ರ ಕೊರೆದು, ಬಣ್ಣ ಬಳಿದ ಮರದ ಮೀನನ್ನು ದಾರದಲ್ಲಿ ಇಳಿಬಿಟ್ಟು, ಅದನ್ನು ಕಂಡು ಹತ್ತಿರ ಬಂದ ದೊಡ್ಡ ಮೀನನ್ನು ಈಟಿಯಿಂದ ತಿವಿದು ಹಿಡಿಯುವ ಪದ್ಧತಿ ಇದೆ. ಅಲ್ಲಿನ ಮೂಲನಿವಾಸಿಗಳಿಂದ ಬಂದ ಆ ಮರದ ಮೀನನ್ನೂ ದೀವದ ಮೀನು ಎಂದೇ ಕರೆಯುವುದು ಸರಿ. ಬೆಂಗಳೂರಿನಲ್ಲಿ ಕೆರೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ನಾವು ಕೆತ್ತುವ ಮೀನುಗಳು ಷೋಕೇಸಿನಲ್ಲೋ ಗೋಡೆಯ ಮೇಲೋ ಉಳಿಯುತ್ತವೆ. ಆದರೂ ಅವು ಬಿರಿಯುತ್ತವೆ, ಬಣ್ಣ ಬಿಡುತ್ತವೆ, ಹೊಟ್ಟೆಯಡಿಯಿಂದ ಹಿಟ್ಟು ಉದುರಿಸುತ್ತವೆ.

ಇಂತಹ ದೂರುಗಳನ್ನು ಕೇಳಿದಾಗ ಹೆಚ್ಚಿನವರು ಮೊದಲು ಬಣ್ಣದ ಡಬ್ಬಿಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಬಣ್ಣದ ಮೇಲೆ ಕಾಣಿಸುವ ದೋಷಗಳಲ್ಲಿ ಬಹುಪಾಲು ಮರದೊಳಗಿನ ತೇವದಿಂದಲೇ ಹುಟ್ಟಿದವು. ಆದ್ದರಿಂದ ಕಾರಣ ತಿಳಿಯುವವರೆಗೆ ಹೊಸ ಕೋಟು ಹಚ್ಚಬಾರದು. ಹಚ್ಚಿದರೆ ದೋಷ ಮುಚ್ಚಿಹೋಗುವುದಲ್ಲದೆ ಅದರ ಸಾಕ್ಷ್ಯವೂ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಬೇಕಾಗುವುದು ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತಕ್ಕಡಿ, ಭೂತಗನ್ನಡಿ, ಪಾರದರ್ಶಕ ಅಂಟುಪಟ್ಟಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ, ಬಿಳಿಯ ಹತ್ತಿಬಟ್ಟೆ ಮತ್ತು ಮೊಬೈಲಿನ ಬೆಳಕು.

ಕೆಲಸಕ್ಕೆ ಕೈಹಾಕುವ ಮುನ್ನ ಕೆಲವು ಎಚ್ಚರಿಕೆಗಳಿವೆ. ಮರವನ್ನಾಗಲಿ ಸೀಸವಿಲ್ಲದ ಬಣ್ಣವನ್ನಾಗಲಿ ಉಜ್ಜುವಾಗ ಎನ್95 ಮುಖಗವಸು ಇರಬೇಕು; ತೇಗ ಮತ್ತು ಬೀಟೆಯ ಹುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಥಿನ್ನರ್ ಬಳಸುವ ಕೋಣೆಯಲ್ಲಿ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು. ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಯೇ ಕಾರ್ಯಾಗಾರವಾಗಿದ್ದು, ಅದರ ಪಕ್ಕದ ಯುಟಿಲಿಟಿಯಲ್ಲಿ ಗೀಸರ್ ಉರಿಯುತ್ತಿರುವುದುಂಟು, ಅದನ್ನು ಮರೆಯಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಹಾಕಿದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ಬಯಲಿನಲ್ಲಿ ಬಿಡಿಸಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಮೈ ಬಿರುಕು ಬಿಟ್ಟಿದೆ

ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಮಳೆಗಾಳಿಗೆ ಉರುಳಿದ ಸಿಲ್ವರ್ ಓಕ್ ಮರದ ತುಂಡೊಂದನ್ನು ತಂದು ಜುಲೈ ತಿಂಗಳಲ್ಲಿ ಒಂದು ಮಹಶೀರ್ ಮೀನನ್ನು ಕೆತ್ತಿದೆ. ಮರ ಬೆಣ್ಣೆಯಂತೆ ಉಳಿಗೆ ಬಗ್ಗುತ್ತಿತ್ತು. ಆ ಮೃದುತ್ವವೇ ಎಚ್ಚರಿಕೆ ಎಂಬುದು ನನಗೆ ಹೊಳೆಯಲಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಕೆಲಸಮಾಡುವ ಪರಿಚಯದ ಆಚಾರಿಯೊಬ್ಬರು ಅದನ್ನು ಕೈಯಲ್ಲಿ ತೂಗಿ ನೋಡಿ, "ಇನ್ನೂ ಹಸಿ ಇದೆ ಸಾರ್, ದೀಪಾವಳಿ ಕಳೀಲಿ" ಎಂದರು. ನಾನು ಕಾಯಲಿಲ್ಲ. ಶಿವರಾತ್ರಿಯ ಹೊತ್ತಿಗೆ ಕಿವಿರಿನಿಂದ ಬಾಲದ ಬುಡದವರೆಗೆ ಉಗುರು ತೂರುವಷ್ಟು ಸೀಳು ಬಿದ್ದಿತ್ತು, ಬಣ್ಣ ಮಾತ್ರ ಎರಡೂ ಅಂಚಿನಲ್ಲಿ ಗಟ್ಟಿಯಾಗಿ ನಿಂತಿತ್ತು.

ಮರವು ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತ ಬಿಡುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80ರಷ್ಟಿದ್ದರೆ ಮರದ ತೇವ ಕೊನೆಗೆ ಸುಮಾರು ಶೇ. 16ಕ್ಕೆ ನಿಲ್ಲುತ್ತದೆ, ಶೇ. 65ಕ್ಕೆ ಸುಮಾರು 12, ಶೇ. 30ಕ್ಕೆ ಸುಮಾರು 6. ಬೆಂಗಳೂರಿನ ಆಗಸ್ಟ್ ಬೆಳಗಿಗೂ ಮಾರ್ಚ್ ಮಧ್ಯಾಹ್ನಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ಇಲ್ಲಿನ ಮೀನು ವರ್ಷಕ್ಕೊಮ್ಮೆ ಉಬ್ಬಿ ಸೊರಗುತ್ತದೆ. ಆಗತಾನೇ ಕಡಿದ ಮರದ ತೇವ ಶೇ. 30ಕ್ಕಿಂತಲೂ ಬಹಳ ಮೇಲಿರುತ್ತದೆಯಾದ್ದರಿಂದ ಅದರ ಕುಗ್ಗುವಿಕೆ ಇನ್ನೂ ಹೆಚ್ಚು. ಮರವು ಎಲ್ಲ ದಿಕ್ಕಿನಲ್ಲೂ ಸಮನಾಗಿ ಕುಗ್ಗುವುದೂ ಇಲ್ಲ. ಅಡ್ಡಕೊಯ್ದ ಮರದಲ್ಲಿ ಕಾಣುವ ವರ್ಷದ ಬಳೆಗಳ ಸುತ್ತಳತೆಯ ಉದ್ದಕ್ಕೆ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಅಸಮತೆಯನ್ನು ತಾಳಲಾರದ ಮರ ಸೀಳುತ್ತದೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಮೀನಿನ ಮೂತಿಯನ್ನೋ ಬಾಲದ ತುದಿಯನ್ನೋ ನೋಡಿ, ಬಳೆಗಳ ನಡುಬಿಂದು ಮೀನಿನ ಮೈಯೊಳಗೇ ಇದೆಯೇ ಎಂದು ಗಮನಿಸಿ. ತಿರುಳು ಒಳಗಿದ್ದರೆ ಬಿರುಕು ಆಕಸ್ಮಿಕವಲ್ಲ. ಅಂತಹ ಮೀನು ಇಂದಲ್ಲ ನಾಳೆ ಬಿರಿಯಲೇಬೇಕು. ಇಡೀ ಕೊಂಬೆಯಿಂದ ಕೆತ್ತಿದ ಮೀನುಗಳೆಲ್ಲ ಈ ಗುಂಪಿಗೆ ಸೇರುತ್ತವೆ.

ಎರಡನೆಯದು ತೂಕ. ಮೀನನ್ನು ತೂಗಿ, ತೂಕವನ್ನೂ ತಾರೀಕನ್ನೂ ಅದರ ಹೊಟ್ಟೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದು, ವಾರಕ್ಕೊಮ್ಮೆ ಅದೇ ಹೊತ್ತಿಗೆ ಮತ್ತೆ ತೂಗಿ. ನನ್ನ ಮುಂದಿನ ಮೀನಿಗೆಂದು ಎತ್ತಿಟ್ಟ ಮರದ ತುಂಡಿನ ಮೇಲೆ 412, 384, 366, 358, 357 ಎಂಬ ಅಂಕಿಗಳು ಒಂದರ ಕೆಳಗೊಂದು ನಿಂತಿವೆ. 55 ಗ್ರಾಂ ನೀರು ಹೊರಟುಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಅವಸರ ತಾನಾಗಿ ಇಳಿಯುತ್ತದೆ. ಎರಡು ವಾರಗಳ ನಡುವಿನ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆಯಾದರೆ ಮರ ಆ ಋತುವಿನ ಮಟ್ಟಿಗೆ ಒಣಗಿದೆ ಎಂದರ್ಥ. ನೆರಳಿನಲ್ಲಿ ಒಣಗಿಸಲು ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಅಂದಾಜು. ಬೇಗ ಒಣಗಲೆಂದು ತಾರಸಿಯ ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಬಿರಿಯುತ್ತದೆ.

ಬಿರುಕು ಬಿದ್ದಾಗಿದ್ದರೆ ಕೂಡಲೇ ಪುಟ್ಟಿ ತುಂಬಬೇಡಿ. ಬಿರುಕಿನ ಅತಿ ಅಗಲದ ಜಾಗಕ್ಕೆ ಕಾಗದದ ಪಟ್ಟಿಯನ್ನು ಮಡಿಸಿ ತೂರಿಸಿ, ಎಷ್ಟು ಪದರ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ತುಂಬಿದ ಗಟ್ಟಿ ಪುಟ್ಟಿ ಮಳೆಗಾಲದಲ್ಲಿ ಮರ ಉಬ್ಬಿದಾಗ ಎಡೆಕೊಡದೆ ಅಂಚಿನ ಎಳೆಗಳನ್ನು ನಜ್ಜುಗುಜ್ಜು ಮಾಡುತ್ತದೆ, ಮರುಬೇಸಿಗೆಯಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಸೀಳು ತೆರೆಯುತ್ತದೆ. ತೂಕ ಸ್ಥಿರವಾದ ಮೇಲೆ ಅದೇ ಮರದ ತೆಳು ಸೀಳನ್ನು, ನಾರಿನ ದಿಕ್ಕು ಹೊಂದುವಂತೆ, ಬಿಳಿ ಅಂಟು ಹಚ್ಚಿ ಹಗುರವಾಗಿ ತೂರಿಸುವುದು ಬಾಳುವ ದುರಸ್ತಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದೇ ಬೆಣೆಯಾಗಿ ಮೀನನ್ನು ಇನ್ನಷ್ಟು ಸೀಳುತ್ತದೆ. ಹೊಸದಾಗಿ ಕೆತ್ತುವಾಗ ತಿರುಳನ್ನು ಹೊರಗಿಡಿ. ಮೀನು ದಪ್ಪವಾಗಿದ್ದರೆ ಹೊಟ್ಟೆಯ ಕಡೆಯಿಂದ ಟೊಳ್ಳು ಮಾಡಿ ಮುಚ್ಚಳ ಅಂಟಿಸಿ. ಹೊರಮೈಗೂ ಒಳಮೈಗೂ ತೇವದ ಜಗಳ ಆಗ ಕಡಿಮೆ.

ಯಾವ ಮರ ಎಂಬುದೇ ತಿಳಿಯದೆ ತೊಂದರೆ ಮರುಕಳಿಸುತ್ತಿದ್ದರೆ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ತುಂಡನ್ನು ಗುರುತಿಸಿ ಹೇಳುವ ತಜ್ಞರಿದ್ದಾರೆ. ಒಂದು ಮೀನಿಗಾಗಿ ಅಷ್ಟು ದೂರ ಹೋಗಬೇಕಿಲ್ಲ. ದೊಡ್ಡ ದಿಮ್ಮಿಯನ್ನೇ ಕೊಂಡಿದ್ದರೆ ಹೋಗುವುದು ಒಳ್ಳೆಯದು.

ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿದೆ

ಎದ್ದ ಚಕ್ಕೆಯೊಂದನ್ನು ಉಗುರಿನಿಂದ ಬಿಡಿಸಿ, ಅದರ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿ. ಬೆನ್ನಿಗೆ ಮರದ ಎಳೆಗಳು ಅಂಟಿಕೊಂಡು ಬಂದಿದ್ದರೆ ಬಣ್ಣ ತನ್ನ ಕೆಲಸ ಮಾಡಿದೆ, ಮರದ ಮೇಲ್ಮೈಯೇ ಸಡಿಲವಾಗಿದೆ ಎಂದು ತಿಳಿಯಬೇಕು. ಉಜ್ಜಿದ ಹುಡಿಯನ್ನು ಒರೆಸದೆ ಬಳಿದಾಗ, ಇಲ್ಲವೇ ಮೊಂಡು ಉಳಿಯಿಂದ ನಾರು ನಲುಗಿದಾಗ ಹೀಗಾಗುತ್ತದೆ. ಬೆನ್ನು ನುಣುಪಾಗಿದ್ದು ಕೆಳಗೆ ಪ್ರೈಮರ್ ಹಾಗೇ ಉಳಿದಿದ್ದರೆ ಕೊರತೆ ಆ ಎರಡು ಪದರಗಳ ನಡುವಿನದು; ಪ್ರೈಮರನ್ನು ಉಪ್ಪುಕಾಗದದಿಂದ ಒರಟು ಮಾಡದೆ ಬಿಟ್ಟಿರಬಹುದು, ಇಲ್ಲವೇ ಕೈಯ ಜಿಡ್ಡು ತಾಗಿರಬಹುದು. ಪ್ರೈಮರೂ ಸೇರಿ ಎಲ್ಲ ಪದರವೂ ಎದ್ದು ಬರಿಯ ಮರ ಕಾಣುತ್ತಿದ್ದರೆ, ತೇವ ಅಥವಾ ಮರದ ಸ್ವಂತ ಎಣ್ಣೆ ಕಾರಣ. ತೇಗದಲ್ಲಿ ಈ ಎರಡನೆಯದು ಸಾಮಾನ್ಯ. ಪ್ರೈಮರ್ ಹಚ್ಚುವ ಸ್ವಲ್ಪವೇ ಮೊದಲು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.

ಎಲ್ಲಿ ಎದ್ದಿದೆ ಎಂಬುದೂ ಸುಳಿವು ಕೊಡುತ್ತದೆ. ಮೂತಿ ಮತ್ತು ಬಾಲದ ತುದಿಯಲ್ಲಿ ಮಾತ್ರ ಎದ್ದಿದ್ದರೆ ಅದು ಎಳೆಗಳ ಬಾಯಿ ತೆರೆದಿರುವ ಅಡ್ಡತುದಿಯ ಸಮಸ್ಯೆ. ಮರ ಅಲ್ಲಿಂದ ನೀರನ್ನು ಪಕ್ಕದ ಮೈಗಿಂತ ಹಲವು ಪಟ್ಟು ವೇಗವಾಗಿ ಹೀರುತ್ತದೆ. ಆ ಎರಡು ಜಾಗಗಳಿಗೆ ಸೀಲರನ್ನು ಒಂದು ಕೋಟು ಹೆಚ್ಚಾಗಿಯೇ ಕುಡಿಸಬೇಕು. ಹೊಟ್ಟೆಯಡಿ ಮಾತ್ರ ಎದ್ದಿದ್ದರೆ ಷೋಕೇಸನ್ನು ಒದ್ದೆಬಟ್ಟೆಯಲ್ಲಿ ಒರೆಸುವವರನ್ನು ವಿಚಾರಿಸುವುದು ಬಣ್ಣದಂಗಡಿಗೆ ಹೋಗುವುದಕ್ಕಿಂತ ಅಗ್ಗ.

ಉಳಿದ ಬಣ್ಣವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಿಳಿಯಲು ಕಾಣದ ಜಾಗವೊಂದರಲ್ಲಿ ಬ್ಲೇಡಿನಿಂದ 2 ಮಿಲಿಮೀಟರ್ ಅಂತರಕ್ಕೆ ಆರು ಗೆರೆ, ಅದಕ್ಕೆ ಅಡ್ಡವಾಗಿ ಆರು ಗೆರೆ ಕೊರೆದು, ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ ಕಿತ್ತು ನೋಡಿ. ಆಗ ಮೂಡುವ 25 ಚೌಕಗಳಲ್ಲಿ ಒಂದೆರಡು ಕಿತ್ತುಬಂದರೆ ಎದ್ದ ಜಾಗವನ್ನಷ್ಟೇ ಸರಿಪಡಿಸಿದರೆ ಸಾಕು. ಅರ್ಧದಷ್ಟು ಬಂದರೆ ಇಡೀ ಮೀನನ್ನು ಮರದವರೆಗೆ ಕೆರೆದು ಮತ್ತೆ ಶುರುಮಾಡುವುದೇ ದಾರಿ. ಬೇಸರದ ಕೆಲಸವಾದರೂ ಸಡಿಲ ಪದರದ ಮೇಲೆ ಎಷ್ಟು ಚೆಂದದ ಬಣ್ಣ ಬಳಿದರೂ ಅದು ಆ ಪದರದ ಜೊತೆಗೇ ಎದ್ದುಬರುತ್ತದೆ.

ಚನ್ನಪಟ್ಟಣದ ತಿರುಗಣಿಯಲ್ಲಿ ತಯಾರಾದ, ಈಗಾಗಲೇ ಅರಗಿನ ಬಣ್ಣ ಕೂತಿರುವ ತುಂಡುಗಳನ್ನು ತಂದು ಮೀನಾಗಿಸಿ ಅದರ ಮೇಲೆ ಅಕ್ರಿಲಿಕ್ ಬಳಿಯುವವರಿದ್ದಾರೆ. ಅಲ್ಲಿನ ಹಾಲೆಮರ ಮೀನು ಕೆತ್ತಲು ಬಹಳ ಒಳ್ಳೆಯ ಮರ, ಎಳೆ ಸಣ್ಣದು, ಬಣ್ಣ ಬಿಳುಪು. ಆದರೆ ತಿರುಗುವ ಮರದ ಬಿಸಿಗೆ ಕರಗಿ ಕೂತು, ಎಲೆಗರಿಯಿಂದ ಉಜ್ಜಿ ಹೊಳಪೇರಿಸಿದ ಅರಗಿನ ಮೈಮೇಲೆ ನೀರುಬಣ್ಣ ನಿಲ್ಲುವುದಿಲ್ಲ. ಬಣ್ಣ ಹಾಕದ ಬರಿಯ ಹಾಲೆಮರವನ್ನೇ ಕೇಳಿ ತರುವುದು ಮೇಲು.

ವಾರ್ನಿಷ್ ಮೇಲೆ ಮಂಜು ಕವಿದಂತೆ ಬೆಳ್ಳಗಾಗಿದೆ

ಮಳೆಗಾಲದ ಸಂಜೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರನ್ನೋ ಸ್ಪ್ರೇ ಡಬ್ಬಿಯ ಪಾರದರ್ಶಕ ಕ್ಲಿಯರನ್ನೋ ಹೊಡೆದಿದ್ದರೆ ಇದು ಬಹುತೇಕ ಖಚಿತ. ಥಿನ್ನರ್ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಬೆಳ್ಳಗಾದ ಜಾಗಕ್ಕೆ ಒಂದು ತೊಟ್ಟು ನೀರು ಸವರಿ ನೋಡಿ. ಒದ್ದೆಯಿರುವಷ್ಟು ಹೊತ್ತು ಬಿಳುಪು ಮಾಯವಾದರೆ ದೋಷ ಮೇಲ್ಮೈಯಲ್ಲಿದೆ. ಮಾಯವಾಗದಿದ್ದರೆ ಪದರದ ಒಳಗಿದೆ.

ಎರಡೂ ಸಂದರ್ಭಗಳಲ್ಲಿ ಮೊದಲ ಮದ್ದು ಬಿಸಿಲುಳ್ಳ ಒಣ ಮಧ್ಯಾಹ್ನಕ್ಕಾಗಿ ಕಾಯುವುದು. ಕಾದರೂ ಉಳಿದರೆ, ಎನ್‌ಸಿ ಲ್ಯಾಕರ್ ಮಾತ್ರವಾಗಿದ್ದಲ್ಲಿ, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ತೆಳುಮಂಜಿನಂತೆ ಒಮ್ಮೆ ಹೊಡೆದರೆ ಪದರ ಸ್ವಲ್ಪ ಕರಗಿ ತೇವವನ್ನು ಬಿಟ್ಟುಕೊಡುತ್ತದೆ. ಹೇರ್ ಡ್ರೈಯರ್ ಹಿಡಿದು ಅವಸರಪಡಿಸುವುದು ಬೇಡ. ಥಿನ್ನರಿನ ಆವಿಗೆ ಅದರ ಕೆಂಪಗೆ ಕಾದ ತಂತಿ ಸಾಕು. ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಿಯು (ಪಾಲಿಯುರಿಥೇನ್) ಲೇಪದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದರ ಮಂಜು ಶ್ವಾಸಕೋಶಕ್ಕೆ ಹಾನಿಕರ. ಮನೆಯಲ್ಲಿ ಅದನ್ನು ಸ್ಪ್ರೇ ಮಾಡದೆ, ಬೂತ್ ಇರುವ ಪೀಠೋಪಕರಣ ಪಾಲಿಶ್ ಮಾಡುವವರಿಗೆ ಒಪ್ಪಿಸುವುದೇ ಸರಿ.

ಕಣ್ಣಿನ ಸುತ್ತ ಮಾತ್ರ ಬಿಳಿಯ ಪುಡಿಯಂತಹ ವೃತ್ತ ಕಂಡರೆ ಅದು ಬೇರೆಯೇ ಕತೆ. ಗಾಜಿನ ಕಣ್ಣನ್ನು ಫೆವಿಕ್ವಿಕ್ ತರಹದ ಅಂಟಿನಿಂದ ಕೂರಿಸಿದಾಗ ಅದರ ಆವಿ ತೇವದೊಡನೆ ಸೇರಿ ಹೀಗೆ ಕೂರುತ್ತದೆ. ಕಣ್ಣಿಗೆ ಎರಡು ಟ್ಯೂಬಿನ ಎಪಾಕ್ಸಿ ಬಳಸಿದರೆ ಈ ತೊಂದರೆ ಇಲ್ಲ.

ಬಣ್ಣ ಸುಕ್ಕುಗಟ್ಟಿದೆ, ಇಲ್ಲವೇ ದಿನ ಕಳೆದರೂ ಅಂಟಂಟಾಗಿದೆ

ಹೆಬ್ಬೆರಳನ್ನು ಒತ್ತಿ ಸ್ವಲ್ಪ ತಿರುಗಿಸಿ. ಬೆರಳಚ್ಚು ಮೂಡಿದರೆ ಪದರದ ಒಳಭಾಗ ಇನ್ನೂ ಹಸಿ. ಮೀನನ್ನು ಮೂಗಿಗೆ ಹಿಡಿದಾಗ ಥಿನ್ನರ್ ವಾಸನೆ ಬಂದರೂ ಅದೇ ಅರ್ಥ. ಎನಾಮಲ್ ದಪ್ಪವಾಗಿ ಬಿದ್ದರೆ ಮೇಲ್ಪೊರೆ ಮೊದಲು ಆರಿ ಒಳಗಿನದನ್ನು ಉಸಿರುಕಟ್ಟಿಸುತ್ತದೆ. ಗಾಳಿಯಾಡುವ ಬೆಚ್ಚನೆಯ ಒಣ ಜಾಗದಲ್ಲಿ ಎರಡು ವಾರ ಬಿಟ್ಟರೆ ಬಹಳಷ್ಟು ಸರಿಹೋಗುವುದುಂಟು. ಹೋಗದಿದ್ದರೆ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಡಬ್ಬಿಯನ್ನು ಅನುಮಾನಿಸಿ.

ಸುಕ್ಕಿಗೆ ಸಾಮಾನ್ಯ ಕಾರಣ ಎನಾಮಲ್ ಮೇಲೆ ಎನ್‌ಸಿ ಲ್ಯಾಕರ್ ಹೊಡೆದಿರುವುದು. ಎನ್‌ಸಿ ಥಿನ್ನರ್ ಕೆಳಗಿನ ಎನಾಮಲನ್ನು ಕಡಿದು ಉಬ್ಬಿಸುತ್ತದೆ, ಮೈ ಒಣದ್ರಾಕ್ಷಿಯಂತಾಗುತ್ತದೆ. ಇದಕ್ಕೆ ಮೇಲಿನಿಂದ ಮದ್ದಿಲ್ಲ. ಪೂರ್ತಿ ಆರಿದ ಮೇಲೆ ಕೆರೆದು ತೆಗೆಯಬೇಕು.

ಬಿಳಿ ಹೊಟ್ಟೆಯಲ್ಲಿ ಹಳದಿ, ಕಂದು ಅಥವಾ ಕಪ್ಪು ಕಲೆ

ಮೊದಲು ಬಿಳಿಬಟ್ಟೆಯನ್ನು ಪಾತ್ರೆ ತೊಳೆಯುವ ದ್ರವದ ತೆಳುನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಕಲೆಯ ಮೂಲೆಯನ್ನು ಒರೆಸಿ. ಬಟ್ಟೆ ಹಳದಿಯಾಗಿ ಮೀನು ಬಿಳಿಯಾದರೆ ಅದು ದೇವರಮನೆಯ ದೀಪದ ಹೊಗೆ ಅಥವಾ ಒಗ್ಗರಣೆಯ ಜಿಡ್ಡು. ಏನೂ ಬಾರದೆ ಇಡೀ ಮೀನು ಸಮನಾಗಿ ಹಳದಿಯಾಗಿದ್ದರೆ ಎಣ್ಣೆ ಆಧಾರದ ವಾರ್ನಿಷ್ ತನ್ನ ವಯಸ್ಸನ್ನು ತೋರಿಸುತ್ತಿದೆ. ಕತ್ತಲೆ ಮೂಲೆಯಲ್ಲಿ ಅದು ಇನ್ನೂ ಬೇಗ ಹಳದಿಯಾಗುತ್ತದೆ. ಬಿಳಿ ಹೊಟ್ಟೆಯ ಮೀನಿಗೆ ನೀರು ಆಧಾರದ ಅಕ್ರಿಲಿಕ್ ಕ್ಲಿಯರ್ ಹೊಂದುತ್ತದೆ.

ಕಲೆ ಅಲ್ಲಲ್ಲಿ ಮಾತ್ರ ಇದ್ದರೆ ಅದು ಒಳಗಿನಿಂದ ಬಂದದ್ದು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ಗಂಟಿನ ಸುತ್ತ ರಾಳ ಜಿನುಗಿ ದುಂಡನೆಯ ಹಳದಿ ಕಲೆ ಮೂಡುತ್ತದೆ. ಹಲಸಿನ ಮರದ ಹಳದಿಯಂತೂ ಬಟ್ಟೆಗೇ ಬಣ್ಣ ಕಟ್ಟುವಷ್ಟು ಗಟ್ಟಿ, ಅದು ನೀರುಬಣ್ಣದ ಮೂಲಕ ಸಲೀಸಾಗಿ ಮೇಲೇರುತ್ತದೆ. ಎಷ್ಟು ಕೋಟು ಬಿಳಿ ಹಚ್ಚಿದರೂ ನಿಲ್ಲದ ಈ ಕಲೆಗಳನ್ನು ತಡೆಯುವುದು ಅರಗು. ಅರಗಿನ ಚಕ್ಕೆಯನ್ನು 100 ಮಿಲಿಲೀಟರ್ ಸ್ಪಿರಿಟ್‌ಗೆ 15 ಗ್ರಾಂನಂತೆ ಗಾಜಿನ ಸೀಸೆಯಲ್ಲಿ ಕರಗಿಸಿ, ಒಂದೆರಡು ದಿನ ಅಲುಗಿಸದೆ ಇಟ್ಟರೆ ಮೇಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದು ಎರಡು ತೆಳು ಕೋಟು ಹಚ್ಚಿದರೆ, ಚನ್ನಪಟ್ಟಣದ ಹೊಳಪಿನ ಅರಗಿನಂತಲ್ಲದೆ, ಮೇಣವಿಲ್ಲದ ಈ ಪದರದ ಮೇಲೆ ಯಾವ ಬಣ್ಣವಾದರೂ ನಿಲ್ಲುತ್ತದೆ. ಆ ಸ್ಪಿರಿಟ್ ವಿಷ. ನೀರಿನ ಬಾಟಲಿಯಲ್ಲಿ ತುಂಬಿಡುವುದು ಮಕ್ಕಳಿರುವ ಮನೆಯಲ್ಲಿ ಮಾಡಬಾರದ ಕೆಲಸ.

ಮೊಳೆಯ ಸುತ್ತ ಮಸಿಯಂತೆ ಕಪ್ಪು ವೃತ್ತವಿದ್ದರೆ ಆಯಸ್ಕಾಂತವನ್ನು ಹಿಡಿದು ನೋಡಿ. ಅಂಟಿಕೊಂಡರೆ ಮೊಳೆ ಕಬ್ಬಿಣದ್ದು. ಮರದ ಒಗರು ತೇವದಲ್ಲಿ ಕಬ್ಬಿಣದೊಡನೆ ಸೇರಿ ಶಾಯಿಯಾಗಿದೆ. ಹಿತ್ತಾಳೆಯ ಮೊಳೆಗೆ ಬದಲಾಯಿಸಿ, ಕಲೆಯ ಜಾಗಕ್ಕೆ ಅರಗು ಹಚ್ಚಿ.

ಹುರುಪೆಯ ಗುರುತು ಕಲಸಿಹೋಗಿದೆ, ಬಣ್ಣದಲ್ಲಿ ಕುಳಿ ಬಿದ್ದಿದೆ

ಹುರುಪೆ ಮೂಡಿಸಲು ಈರುಳ್ಳಿ ಚೀಲದ ಬಲೆಯನ್ನು ಮೈಗೆ ಬಿಗಿದು ಅದರ ಮೇಲೆ ಸ್ಪಂಜಿನಿಂದ ಬಣ್ಣ ತಟ್ಟುವುದು ಸುಲಭದ ದಾರಿ. ಗುರುತು ಕಲಸಿದರೆ ಮೊದಲು ಸ್ಪಂಜನ್ನು ಹಳೆಯ ಪತ್ರಿಕೆಯ ಮೇಲೆ ತಟ್ಟಿ ನೋಡಿ; ಒದ್ದೆ ಮಚ್ಚೆ ಬಿದ್ದರೆ ಬಣ್ಣ ಹೆಚ್ಚು, ಪುಡಿಪುಡಿಯಾದ ಗುರುತು ಬಿದ್ದರೆ ಸರಿ. ಅದು ಸರಿಯಿದ್ದೂ ಕಲಸಿದರೆ ಬಲೆ ಸಡಿಲವಾಗಿದೆ. ಹೊಟ್ಟೆಯ ಕೆಳಗೆ ಎಳೆದು ಬಟ್ಟೆಕ್ಲಿಪ್ಪು ಹಾಕಿ. ಬೆನ್ನಿನ ಮೇಲೆ ಬಲೆಯ ಕಣ್ಣು ಹಿಗ್ಗಿ, ಬಾಲದ ಬುಡದಲ್ಲಿ ಕುಗ್ಗುತ್ತದೆ. ನಿಜವಾದ ಮೀನಿನ ಹುರುಪೆಯೂ ಬಾಲದ ಕಡೆಗೆ ಸಣ್ಣದಾಗುವುದರಿಂದ ಇದನ್ನು ದೋಷವೆಂದು ತಿದ್ದುವ ಅಗತ್ಯವಿಲ್ಲ.

ಹಸಿ ಬಣ್ಣ ಅಲ್ಲಲ್ಲಿ ಹಿಂಜರಿದು ದುಂಡನೆಯ ಕುಳಿಗಳಾದರೆ ಪೇಂಟರುಗಳು ಅದನ್ನು ಫಿಶ್ ಐ ಎನ್ನುತ್ತಾರೆ. ಮೀನಿಗೇ ಮೀನುಗಣ್ಣು ಬೀಳುವುದು ತಮಾಷೆಯಾಗಿ ಕಂಡರೂ ಕಾರಣ ಸಿಲಿಕೋನ್. ಕಾರಿನ ಪಾಲಿಶ್, ಪೀಠೋಪಕರಣದ ಸ್ಪ್ರೇ, ತಲೆಗೂದಲಿನ ಸೀರಂ ಇವುಗಳಲ್ಲಿ ಯಾವುದೋ ಒಂದು ಕೈಯಿಂದಲೋ ಬಟ್ಟೆಯಿಂದಲೋ ತಾಗಿದೆ. ಬಣ್ಣ ಹಸಿಯಿರುವಾಗಲೇ ಒರೆಸಿ, ಥಿನ್ನರಿನಿಂದ ಎರಡು ಬೇರೆ ಬೇರೆ ಬಟ್ಟೆಗಳಲ್ಲಿ ಶುಚಿಮಾಡಿ.

ಕೆತ್ತುವಾಗ ನಾರು ಕಿತ್ತುಬರುತ್ತಿದೆ, ರೆಕ್ಕೆ ಮುರಿಯುತ್ತಿದೆ

ಉಳಿಯ ಅಲಗನ್ನು ಬೆಳಕಿಗೆ ನೇರವಾಗಿ ಹಿಡಿಯಿರಿ. ಹರಿತವಾದ ಅಲಗಿನ ಅಂಚು ಕಣ್ಣಿಗೆ ಕಾಣುವುದಿಲ್ಲ. ಬಿಳಿಯ ಗೆರೆಯೊಂದು ಮಿನುಗಿದರೆ ಅಲಗು ಮೊಂಡು. ಮರದ ಅಡ್ಡತುದಿಯ ಮೇಲೆ ಒಂದು ತೆಳು ಸೀಳು ತೆಗೆದು ನೋಡುವುದು ಇನ್ನೂ ಖಚಿತವಾದ ಪರೀಕ್ಷೆ: ಕಡಿದ ಮೈ ಮೇಣದಂತೆ ಹೊಳೆದರೆ ಹರಿತ ಸಾಕು, ಮಂಕಾಗಿ ಪುಡಿಪುಡಿಯಾದರೆ ಮಸೆಯಬೇಕು, ಉದ್ದಕ್ಕೆ ಒಂದೇ ಗೆರೆ ಎದ್ದು ಕಂಡರೆ ಅಲಗಿನಲ್ಲಿ ಚಿಕ್ಕ ಮುಕ್ಕು ಇದೆ. ಸಾಣೆಕಲ್ಲಿನ ನಂತರ ಹಳೆಯ ಬೆಲ್ಟಿನ ಚರ್ಮದ ಒಳಮೈಗೆ ಪಾಲಿಶ್ ಪೇಸ್ಟ್ ಹಚ್ಚಿ ಅಲಗನ್ನು ಹಿಂದಕ್ಕೆ ಎಳೆಯುವುದು ಕೊನೆಯ ಹಂತ.

ಅಲಗು ಹರಿತವಾಗಿದ್ದೂ ಕಿತ್ತುಬಂದರೆ ದಿಕ್ಕು ತಪ್ಪಿದೆ. ಮೀನಿನ ಮೈ ನಡುವಿನಲ್ಲಿ ಉಬ್ಬಿ ಎರಡೂ ಕಡೆ ಇಳಿಯುವುದರಿಂದ ಉಳಿಯೂ ಉಬ್ಬಿನಿಂದ ತಗ್ಗಿಗೆ ಸಾಗಬೇಕು. ತಲೆಯ ಕಡೆಗೆ ಒಂದು ದಿಕ್ಕು, ಬಾಲದ ಕಡೆಗೆ ಇನ್ನೊಂದು. ಮೊಂಡು ಉಳಿಗೆ ಬಲ ಹಾಕಿದಾಗಲೇ ಅದು ಜಾರಿ ಎಡಗೈಗೆ ಬೀಳುತ್ತದೆ. ಮೀನನ್ನು ತೊಡೆಯ ಮೇಲಿಟ್ಟು ಕೆತ್ತದೆ ಹಿಡಿಕಟ್ಟಿಗೆ (ವೈಸ್) ಬಿಗಿಯಿರಿ. ಆಳವಾದ ಗಾಯದಿಂದ 10 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆರಳು ಮಡಿಚಲು ಆಗದಿದ್ದರೆ ಅಥವಾ ಜೋಮು ಹಿಡಿದಿದ್ದರೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೊರಡಬೇಕು, ಆಂಬುಲೆನ್ಸಿಗೆ 108. ಕಣ್ಣಿಗೆ ಚೂರು ಚುಚ್ಚಿಕೊಂಡಿದ್ದರೆ ಉಜ್ಜಬಾರದು, ಕೀಳಲೂಬಾರದು. ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಗೋ ಹತ್ತಿರದ ನೇತ್ರತಜ್ಞರಿಗೋ ತೋರಿಸಬೇಕು.

ರೆಕ್ಕೆ ಮತ್ತೆ ಮತ್ತೆ ಮುರಿಯುವುದು ಕೈತಪ್ಪಲ್ಲ. ಮೈಯ ಎಳೆ ಉದ್ದಕ್ಕೆ ಹರಿದಿರುವಾಗ ಪಕ್ಕಕ್ಕೆ ಚಾಚುವ ರೆಕ್ಕೆಯನ್ನು ಅದೇ ಮರದಲ್ಲಿ ಬಿಡಿಸಿದರೆ ಅಲ್ಲಿ ಎಳೆಗಳು ಗಿಡ್ಡವಾಗಿ ಬಿಸ್ಕತ್ತಿನಂತೆ ಮುರಿಯುತ್ತವೆ. ಅಮೆರಿಕದ ಹಳೆಯ ಕೆತ್ತನೆಗಾರರು ರೆಕ್ಕೆಗೆ ತಗಡು ಬಳಸಿದ್ದು ಸುಮ್ಮನಲ್ಲ. ಅವೆನ್ಯೂ ರಸ್ತೆಯ ಆಸುಪಾಸಿನ ಪಾತ್ರೆಯಂಗಡಿಗಳ ಕಡೆ ಸಿಗುವ ತೆಳು ಹಿತ್ತಾಳೆ ತಗಡನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಮೈಯಲ್ಲಿ ಕೊರೆದ ಸೀಳಿಗೆ ಎಪಾಕ್ಸಿಯಿಂದ ಕೂರಿಸಿದರೆ ಆ ದೂರು ಮತ್ತೆ ಬಾರದು.

ಮೀನಿನ ಕೆಳಗೆ ಹಿಟ್ಟು ಉದುರುತ್ತಿದೆ

ಉದುರಿದ್ದನ್ನು ಬೆರಳುಗಳ ನಡುವೆ ಉಜ್ಜಿ. ಮೈದಾದಂತೆ ನುಣುಪಾಗಿದ್ದು, ಮರದಲ್ಲಿ 1ರಿಂದ 2 ಮಿಲಿಮೀಟರಿನ ದುಂಡು ತೂತುಗಳಿದ್ದರೆ ಅದು ಕುಟ್ಟೆಹುಳು. ರವೆಯಂತೆ ಕಾಳುಕಾಳಾಗಿದ್ದರೆ ಒಣಮರದ ಗೆದ್ದಲು. ಗೋಡೆಯಿಂದ ಮಣ್ಣಿನ ಗೆರೆ ಏರಿ ಬಂದಿದ್ದರೆ ನೆಲದ ಗೆದ್ದಲು, ಆಗ ಮೀನಿಗಿಂತ ಮನೆಯ ಬಾಗಿಲಚೌಕಟ್ಟಿನ ಚಿಂತೆ ಮುಖ್ಯ. ತಡಮಾಡದೆ ಕೀಟನಿಯಂತ್ರಣದವರನ್ನು ಕರೆಸಬೇಕು.

ಕುಟ್ಟೆಹುಳು ಹುಡುಕುವುದು ಪಿಷ್ಟ ಇರುವ ಬಿಳಿಮರವನ್ನು, ಅಂದರೆ ದಿಮ್ಮಿಯ ಹೊರಸುತ್ತನ್ನು. ಒಳಗಿನ ಗಟ್ಟಿ ಚೇಗಿಗೆ ಅದು ಹೋಗುವುದಿಲ್ಲ. ತೂತು ಹಳೆಯದೋ ಹೊಸದೋ ತಿಳಿಯಲು ಎಲ್ಲ ತೂತುಗಳ ಸುತ್ತ ಪೆನ್ಸಿಲಿನಿಂದ ಗುರುತು ಮಾಡಿ, ಕಪ್ಪು ಕಾಗದದ ಮೇಲೆ ಮೀನನ್ನು ಒಂದು ತಿಂಗಳು ಇಡಿ. ಹಿಟ್ಟೂ ಹೊಸ ತೂತೂ ಕಾಣದಿದ್ದರೆ ಹುಳು ಹೊರಟುಹೋಗಿದೆ, ತೂತು ಮುಚ್ಚಿದರೆ ಸಾಕು. ಕಂಡರೆ ಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇರಿಸಿ, ಹೊರತೆಗೆದ ಮೇಲೂ ಒಂದು ದಿನ ಸುತ್ತು ಬಿಚ್ಚದೆ ಬಿಡಿ. ಬೇಗ ಬಿಚ್ಚಿದರೆ ತಣ್ಣನೆಯ ಮೈಮೇಲೆ ಇಬ್ಬನಿ ಕೂರುತ್ತದೆ. ದಪ್ಪ ಎನಾಮಲ್ ಇರುವ ಮೀನಿನ ಬಣ್ಣ ಚಳಿಗೆ ಬಿರಿಯುವ ಸಂಭವವಿದೆ ಎಂಬುದು ತಿಳಿದಿರಲಿ. ಬಣ್ಣ ಹಾಕದ ಮರಕ್ಕಾದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚುವುದು ಮೊದಲೇ ಮಾಡಬಹುದಾದ ರಕ್ಷಣೆ. ಬಣ್ಣದ ಮೇಲೆ ಹಚ್ಚಿದರೆ ಅದು ಒಳಗೆ ಇಳಿಯುವುದಿಲ್ಲ.

ತೂಗುಹಾಕಿದರೆ ತಲೆ ತಗ್ಗಿಸುತ್ತದೆ

ಮೀನನ್ನು ಬೆನ್ನಿನ ಮೇಲಿನ ಎರಡು ಬೇರೆ ಬಿಂದುಗಳಿಂದ ಒಂದೊಂದಾಗಿ ತೂಗಿಬಿಟ್ಟು, ಪ್ರತಿಸಲವೂ ದಾರ ಕೆಳಕ್ಕೆ ಮುಂದುವರಿದಂತೆ ಮೈಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಗಳು ಸೇರುವ ಜಾಗದ ನೇರ ಮೇಲೆ ಕೊಕ್ಕೆ ಇರಬೇಕು. ಕೊಕ್ಕೆ ಬದಲಿಸಲು ಆಗದಿದ್ದರೆ ಹಗುರವಾದ ಕಡೆ ಹೊಟ್ಟೆಯಲ್ಲಿ ತೂತು ಕೊರೆದು ಸ್ಟೀಲಿನ ನಟ್ಟು ಹುದುಗಿಸಿ.

ಹಳೆಯ ಮೀನು ಕೈಗೆ ಬಂದಾಗ

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಲ್ಲಿನ ಹಳೆಯ ದೀವದ ಮೀನನ್ನು ಕಾಣಿಕೆಯಾಗಿ ತರುವುದುಂಟು. ಅದರ ಬಣ್ಣ ಅಲ್ಲಲ್ಲಿ ಬಿಟ್ಟಿದ್ದರೆ ಮೇಲಿನ ಯಾವ ದುರಸ್ತಿಯನ್ನೂ ಅದಕ್ಕೆ ಮಾಡಬೇಡಿ. ಮಿಷಿಗನ್ ರಾಜ್ಯದ ಕ್ಯಾಡಿಲಾಕ್ ಊರಿನ ಆಸ್ಕರ್ ಪೀಟರ್ಸನ್ (1887–1951) ಅಂತಹವರ ಮೀನುಗಳನ್ನು ಸಂಗ್ರಾಹಕರು ಅವರೇ ಬಳಿದ ಬಣ್ಣಕ್ಕಾಗಿ ಹುಡುಕುತ್ತಾರೆ. ಹೊಸ ಬಣ್ಣ ತಾಗಿದ ಕ್ಷಣ ಆ ಬೆಲೆ ಹೋಗುತ್ತದೆ.

ಇನ್ನೊಂದು ಕಾರಣ ಆರೋಗ್ಯದ್ದು. ನೀರಿನಲ್ಲಿ ಮುಳುಗಲೆಂದು ಇಂತಹ ಮೀನುಗಳ ಹೊಟ್ಟೆಯೊಳಗೆ ಸೀಸ ಕರಗಿಸಿ ಸುರಿದಿರುತ್ತಾರೆ, ಹಳೆಯ ಬಣ್ಣದಲ್ಲೂ ಸೀಸ ಇರಬಹುದು. ನಮ್ಮ ದೇಶದಲ್ಲೇ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬಿ ಅಟ್ಟದಲ್ಲಿದ್ದರೆ ಅದನ್ನೂ ಬಳಸಬೇಡಿ. ಹಳೆಯ ಮೀನನ್ನು ಒಣದಾಗಿ ಉಜ್ಜಬಾರದು, ಬಿಸಿಗಾಳಿಯಿಂದ ಬಣ್ಣ ಸುಲಿಯಬಾರದು, ಹೊಟ್ಟೆಯ ಸೀಸವನ್ನು ಮನೆಯಲ್ಲಿ ಕರಗಿಸಲೇಬಾರದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆದು, ಉದುರಿದ ಚಕ್ಕೆಗಳನ್ನು ಒದ್ದೆ ಕಾಗದದಲ್ಲಿ ಒತ್ತಿ ಎತ್ತಿ, ಮಕ್ಕಳ ಕೈಗೆಟುಕದ ಗಾಜಿನ ಬಾಗಿಲಿನ ಹಿಂದೆ ಇಡಿ. ಆರು ವರ್ಷದೊಳಗಿನ ಮಗು ಅದನ್ನು ಬಾಯಿಗೆ ಹಾಕಿದ್ದು ಕಂಡರೆ ಲಕ್ಷಣಕ್ಕಾಗಿ ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಿ, ರಕ್ತದ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಹೋಗುವಾಗ ಮೀನಿನ ಫೋಟೋ ಒಂದನ್ನು ಜೊತೆಗೆ ಒಯ್ಯಿರಿ.